ಕಲ್ಪನಾಸ್ವರಕ್ಕೆ ಕೂತರೆ ತಲೆ ಖಾಲಿಯಾಗುತ್ತದೆಯೇ? ಮಿದುಳಿನ ನಡೆ ಅರಿತು ಮನೋಧರ್ಮ ಕಲಿಯುವ ಬಗೆ

“ವರ್ಣ ಎರಡು ಕಾಲದಲ್ಲಿ ಹಾಡುತ್ತೇನೆ, ಇಪ್ಪತ್ತು ಕೃತಿ ಬಾಯಿಪಾಠ ಇದೆ. ಆದರೆ ‘ಸ್ವರ ಹಾಕು’ ಅಂದ ಕೂಡಲೇ ಏನೂ ತೋಚುವುದಿಲ್ಲ, ಏನು ಮಾಡಲಿ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. (ಕರ್ನಾಟಕ ಸಂಗೀತದಲ್ಲಿ ಕೃತಿಯ ಒಂದು ಸಾಲಿಗೆ ಸ ರಿ ಗ ಹೆಸರುಗಳಲ್ಲೇ ಸ್ವರ ಕಟ್ಟಿ ಸ್ಥಳದಲ್ಲೇ ಹಾಡುವುದು ಕಲ್ಪನಾಸ್ವರ; ಹೀಗೆ ಸ್ವಂತ ಕಲ್ಪನೆಯಿಂದ ಹಾಡುವುದಕ್ಕೆಲ್ಲ ಮನೋಧರ್ಮ ಎಂದು ಹೆಸರು.) ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ನನಗೆ ಸೃಜನಶೀಲತೆಯೇ ಇಲ್ಲವೇನೋ?”

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡೋಣ. ಸೃಜನಶೀಲತೆ ಇದೆ, ಅದು ಕೆಲಸ ಮಾಡಲು ಜಾಗ ಸಿಕ್ಕಿಲ್ಲ. ಸ್ವರ ಹಾಕುವ ಹೊತ್ತಿಗೆ ನೀವು ರಾಗ ಕೆಡದಂತೆ ನೋಡಬೇಕು, ಕೈಯಲ್ಲಿ ತಾಳ ಹಾಕಬೇಕು, ಎಡುಪ್ಪಿಗೆ, ಅಂದರೆ ಹಾಡಿನ ಸಾಲು ಮತ್ತೆ ಶುರುವಾಗುವ ಜಾಗಕ್ಕೆ, ಎಷ್ಟು ಅಕ್ಷರ (ತಾಳದ ಎಣಿಕೆ) ಉಳಿದಿದೆ ಎಂದು ಎಣಿಸಬೇಕು, ಮುಂದಿನ ಸ್ವರ ಹುಡುಕಬೇಕು. ಸಾಲದ್ದಕ್ಕೆ ಎದುರು ಕೂತವರ ಮುಖದ ಮೇಲೂ ಒಂದು ಕಣ್ಣು. ಇಷ್ಟೂ ಮಿದುಳಿನ ಒಂದೇ ಮೇಜಿಗೆ ಬಂದು ಬಿದ್ದರೆ ಆ ಮೇಜಿನವ ಕೈಚೆಲ್ಲುತ್ತಾನೆ. ತಲೆ ಖಾಲಿಯಾದಂತೆ ಅನ್ನಿಸುವುದು ಆಗಲೇ, ಅದೂ ಅದು ಕಿಕ್ಕಿರಿದು ತುಂಬಿರುವ ಕಾರಣಕ್ಕೆ.

ಈ ಮಾರ್ಗದರ್ಶಿ ಗಾಯಕರಿಗೂ ವೀಣೆ, ಪಿಟೀಲು, ಕೊಳಲು ಕಲಿಯುವವರಿಗೂ ಹೊಂದುತ್ತದೆ. ಉದಾಹರಣೆಗಳೆಲ್ಲ ಮೋಹನ ರಾಗ, ಆದಿತಾಳದವು.

ಮೊದಲು, ಮಿದುಳಿನಲ್ಲಿ ಏನು ನಡೆಯುತ್ತದೆ

2008ರಲ್ಲಿ ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಆರು ಮಂದಿ ವೃತ್ತಿಪರ ಜಾಝ್ ಪಿಯಾನೊ ವಾದಕರನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನುಡಿಸಲು ಹೇಳಿದರು. ಎಫ್‌ಎಂಆರ್‌ಐ ಅಂದರೆ ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತಿದೆ ಎಂದು ಅಯಸ್ಕಾಂತದ ಮೂಲಕ ನೋಡಿ, ಆ ಭಾಗ ಎಷ್ಟು ಚುರುಕಾಗಿದೆ ಎಂದು ಅಂದಾಜಿಸುವ ವಿಧಾನ. ಆ ಯಂತ್ರದ ಹತ್ತಿರ ಕಬ್ಬಿಣ ಸುಳಿಯುವಂತಿಲ್ಲ. ಅದಕ್ಕೆಂದೇ 35 ಕೀಲಿಗಳ ಪ್ಲಾಸ್ಟಿಕ್ ಕೀಲಿಮಣೆ ಮಾಡಿಸಿ, ಮಲಗಿದವರ ತೊಡೆಯ ಮೇಲಿಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಬಲಗೈಯಲ್ಲಿ ನುಡಿಸುವಂತೆ ಮಾಡಿದರು.

ಬಾಯಿಪಾಠದ ರಾಗವನ್ನು ನುಡಿಸುವಾಗಿನ ಚಿತ್ರವನ್ನೂ ಸ್ಥಳದಲ್ಲೇ ಕಟ್ಟಿ ನುಡಿಸುವಾಗಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟಾಗ ಎರಡು ಬದಲಾವಣೆ ಎದ್ದು ಕಂಡವು. ಹಣೆಯ ಹಿಂದೆ, ಎರಡೂ ಪಕ್ಕದಲ್ಲಿ ಮೇಲ್ಭಾಗಕ್ಕಿರುವ ವಲಯದ ಚಟುವಟಿಕೆ ಇಳಿದಿತ್ತು. ಯೋಜನೆ ಹಾಕುವುದು, ತಪ್ಪು ಹುಡುಕುವುದು, ತನ್ನನ್ನು ತಾನೇ ಗದರಿಸಿಕೊಳ್ಳುವುದು ಈ ವಲಯಕ್ಕೆ ಸೇರಿದ ಕೆಲಸ. ಇದನ್ನು ಮುಂದೆ ‘ಕಾವಲು’ ಎಂದು ಕರೆಯುತ್ತೇನೆ. ಹಣೆಯ ನಟ್ಟನಡುವಿನ ವಲಯ ಮಾತ್ರ ಏರಿತ್ತು. ತನ್ನೊಳಗಿನದನ್ನು ಹೇಳಿಕೊಳ್ಳುವಾಗ, ತನ್ನ ಕತೆ ಹೇಳುವಾಗ ಎಚ್ಚರಗೊಳ್ಳುವ ಜಾಗ ಅದು. 2012ರಲ್ಲಿ 12 ಮಂದಿ ರಾಪ್ ಕಲಾವಿದರು ಸ್ಥಳದಲ್ಲೇ ಸಾಹಿತ್ಯ ಕಟ್ಟಿ ಹಾಡಿದಾಗಲೂ ಹೆಚ್ಚುಕಡಿಮೆ ಇದೇ ನಮೂನೆ ಕಂಡಿತು.

ಇಲ್ಲಿ ಎಡವುವವರು ಬಹಳ. “ಕಾವಲನ್ನು ಮಲಗಿಸಿಬಿಡಿ, ಸಂಗೀತ ತಾನಾಗಿ ಬರುತ್ತದೆ” ಎಂದು ಹೇಳುವ ವೀಡಿಯೊಗಳಿಗೆ ಲೆಕ್ಕವಿಲ್ಲ. ಅದನ್ನು ನಂಬಿ ಕಣ್ಣು ಮುಚ್ಚಿ ಹಾಡಿದ ಹೊಸಬರ ಬಾಯಲ್ಲಿ ಬರುವುದು ಮೊದಲ ಪಾಠದ ಸರಳೆ ವರಸೆ. ಯಂತ್ರದೊಳಗೆ ಮಲಗಿದ್ದವರು ವರ್ಷಗಟ್ಟಲೆ ಪಳಗಿದವರು ಎಂಬುದನ್ನು ಮರೆಯಬಾರದು. 2014ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 39 ಪಿಯಾನೊ ವಾದಕರನ್ನು ಪರೀಕ್ಷಿಸಿದರು. ಸ್ವಂತ ಕಲ್ಪನೆಯಲ್ಲಿ ನುಡಿಸಿದ ಅನುಭವ ಹೆಚ್ಚಿದ್ದಷ್ಟೂ ಬಲಭಾಗದ ಕಾವಲಿನ ಜಾಲ ಕಡಿಮೆ ದುಡಿಯುತ್ತಿತ್ತು. ಆದರೆ ಮುಂಭಾಗಕ್ಕೂ ಚಲನೆ ನಡೆಸುವ ಭಾಗಗಳಿಗೂ ನಡುವಿನ ಹೊಂದಾಣಿಕೆ ಬಲವಾಗಿತ್ತು. ಅಂದರೆ ಕಾವಲು ಸಡಿಲವಾಗುವುದು ಅಭ್ಯಾಸದ ಫಲ. ಅದನ್ನೇ ಅಭ್ಯಾಸದ ವಿಧಾನ ಮಾಡಿಕೊಂಡರೆ ಮರಕ್ಕಿಂತ ಮೊದಲು ಹಣ್ಣು ಹುಡುಕಿದಂತೆ.

ಇನ್ನೂ ನೇರವಾದ ಪುರಾವೆ 2016ರದು. ಡೇವಿಡ್ ರೋಸೆನ್ ಮತ್ತು ಸಂಗಡಿಗರು ಜಾಝ್ ಪಿಯಾನೊ ವಾದಕರ ಬಲಗಡೆಯ ಕಾವಲಿಗೆ ನೆತ್ತಿಯ ಮೇಲಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಅದನ್ನು ಚುರುಕುಗೊಳಿಸಿದರು. ಅನುಭವ ಕಡಿಮೆ ಇದ್ದವರ ವಾದನ ಉತ್ತಮವಾಯಿತು, ಪಳಗಿದವರದ್ದು ಕೆಟ್ಟಿತು. ಕಲಿಯುವವರಿಗೆ ಕಾವಲು ಬೇಕು, ಕಲಿತವರಿಗೆ ಅಡ್ಡಿ. ಕೆಳಗಿನ ಹಂತಗಳ ಕ್ರಮ ಇದರ ಮೇಲೆಯೇ ನಿಂತಿದೆ. (ಇದನ್ನು ಓದಿ ಅಂತರ್ಜಾಲದಲ್ಲಿ ಮಾರುವ ವಿದ್ಯುತ್ ಪಟ್ಟಿಗಳನ್ನು ತಲೆಗೆ ಕಟ್ಟಿಕೊಳ್ಳಲು ಹೋಗಬೇಡಿ. ಪ್ರಯೋಗಾಲಯದಲ್ಲಿ ಜಾಗ, ಪ್ರಮಾಣ, ಅವಧಿ ಎಲ್ಲವನ್ನೂ ಅಳೆದು ಮಾಡುವ ಕೆಲಸ ಅದು.)

ಈ ಪ್ರಯೋಗಗಳಲ್ಲಿ ಕೂತವರು ಜಾಝ್, ರಾಪ್, ಪಾಶ್ಚಾತ್ಯ ಪಿಯಾನೊದವರು. ಅವುಗಳಿಂದ ಕಲ್ಪನಾಸ್ವರಕ್ಕೆ ಹಾಕಿದ ಸೇತುವೆ ನನ್ನದು. ಆ ಸೇತುವೆ ಗಟ್ಟಿ ಅನ್ನಿಸಲು ಕಾರಣ, ಎರಡೂ ಕಡೆ ಕೆಲಸ ಒಂದೇ: ಕಟ್ಟಳೆಯೊಳಗೆ, ತಪ್ಪದ ಲಯದಲ್ಲಿ, ಹಿಂದೆ ಹೋಗಿ ತಿದ್ದಲು ಅವಕಾಶವಿಲ್ಲದೆ ಹೊಸತನ್ನು ಕಟ್ಟುವುದು. ‘ಬಲ ಮಿದುಳು ಕಲೆಗೆ, ಎಡ ಮಿದುಳು ಲೆಕ್ಕಕ್ಕೆ’ ಎಂಬ ಹಳೆಯ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಸ್ವರ ಹಾಡುವಾಗ ಎರಡೂ ದುಡಿಯುತ್ತವೆ.

ಬೇಕಾಗುವುದು

ಸಮದಲ್ಲಿ, ಅಂದರೆ ಆವರ್ತದ (ತಾಳದ ಒಂದು ಪೂರ್ತಿ ಸುತ್ತಿನ) ಮೊದಲ ಪೆಟ್ಟಿನಲ್ಲೇ ಶುರುವಾಗುವ ಮೋಹನದ ಒಂದು ಕೃತಿ, ಮತ್ತು ಅದೇ ರಾಗದ ಒಂದು ವರ್ಣ. ಕೃತಿಯ ಪಲ್ಲವಿ ಗಾಂಧಾರದಲ್ಲಿ ಎತ್ತಿಕೊಳ್ಳುವಂತಿದ್ದರೆ ಕೆಳಗಿನ ಉದಾಹರಣೆಗಳು ಹಾಗೇ ಕೂರುತ್ತವೆ. ತಂಬೂರಿ ಅಥವಾ ಶ್ರುತಿಪೆಟ್ಟಿಗೆ, ಫೋನಿನದ್ದಾದರೂ ಸರಿ. ಲಯ ತೋರಿಸಲು ಮೆಟ್ರೊನೋಮ್. ಧ್ವನಿಮುದ್ರಣಕ್ಕೆ ಇನ್ನೊಂದು ಫೋನ್ ಇದ್ದರೆ ಒಳ್ಳೆಯದು. ಶ್ರುತಿ ನುಡಿಯುವ ಫೋನಿನಲ್ಲೇ ಮುದ್ರಿಸಲು ಹೋದರೆ ಕೆಲವದರಲ್ಲಿ ಶ್ರುತಿ ನಿಂತುಬಿಡುತ್ತದೆ. ಒಂದು ನೋಟ್‌ಬುಕ್. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ.

ಅಲಂಕಾರಗಳು (ತಾಳಕ್ಕೆ ಹೊಂದಿಸಿದ ಸ್ವರಾಭ್ಯಾಸಗಳು) ಮೂರು ಕಾಲದಲ್ಲಿ ತಡವರಿಸದೆ ಬರದಿದ್ದರೆ ಇದನ್ನು ಈಗ ಶುರು ಮಾಡಬೇಡಿ. ಮೊದಲು ಅದು ಮುಗಿಯಲಿ.

1. ಉಗ್ರಾಣ ತುಂಬಿಸಿ

ಅಕ್ಷರಕ್ಕೊಂದು ಸೆಕೆಂಡಿನಂತೆ, ಅಂದರೆ ಮೆಟ್ರೊನೋಮ್ 60ರಲ್ಲಿ, ಅಕ್ಷರಕ್ಕೆ ನಾಲ್ಕು ಸ್ವರ ಹಾಡಿದರೆ ಒಂದೊಂದು ಸ್ವರಕ್ಕೆ ಸಿಗುವುದು ಕಾಲು ಸೆಕೆಂಡು. ಮೂರು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಯೋಚಿಸಿ ಆರಿಸಿ ಬಾಯಿಗೆ ತರಲು ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಸ್ವರಸ್ವರವಾಗಿ ಯೋಚಿಸಿ ಹಾಡುವುದು ಯಾರಿಂದಲೂ ಆಗದ ಕೆಲಸ. ಪಳಗಿದವರು ಆರಿಸುವುದು ಸಂಚಾರಗಳನ್ನು, ಅಂದರೆ ರಾಗದ ಗುರುತು ಹೊತ್ತ ನಾಲ್ಕಾರು ಸ್ವರಗಳ ಗೊಂಚಲುಗಳನ್ನು.

ಮಿದುಳು ಆ ಕ್ಷಣದ ಕೆಲಸಕ್ಕಾಗಿ ಕೈಯಲ್ಲಿ ಹಿಡಿದುಕೊಳ್ಳುವ ಸ್ಮೃತಿ ಬಲು ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಏಳರ ಆಸುಪಾಸು ಎಂದರು. ಆಮೇಲಿನ ಅಧ್ಯಯನಗಳು ನಾಲ್ಕರ ಹತ್ತಿರ ತಂದು ನಿಲ್ಲಿಸಿವೆ. ಆದರೆ ಆ ನಾಲ್ಕು ಅಂದರೆ ನಾಲ್ಕು ಬಿಡಿ ಸ್ವರವೂ ಆಗಬಹುದು, ನಾಲ್ಕು ಸಂಚಾರವೂ ಆಗಬಹುದು. ನಾಲ್ಕು ಸಂಚಾರ ಅಂದರೆ ಅರ್ಧ ಆವರ್ತದಷ್ಟು ಅಥವಾ ಅದಕ್ಕೂ ಮಿಕ್ಕಿ ಸರಕು.

ಮಾಡಬೇಕಾದ್ದು: ವರ್ಣದ ಮುಕ್ತಾಯಿ ಸ್ವರ ಮತ್ತು ಚಿಟ್ಟೆಸ್ವರಗಳಿಂದ, ಅಂದರೆ ಸ್ವರದ ಹೆಸರುಗಳಲ್ಲೇ ಹಾಡುವ ಭಾಗಗಳಿಂದ, 12 ಸಂಚಾರಗಳನ್ನು ಹೆಕ್ಕಿ ಬರೆದುಕೊಳ್ಳಿ. ಮಾದರಿಗೆ (ಸ' ಅಂದರೆ ತಾರ ಷಡ್ಜ):

ಗ ಪ ದ ಪ
ದ ಪ ಗ ರಿ
ರಿ ಗ ಪ ದ
ಪ ದ ಸ' ದ
ಗ ಪ ಗ ರಿ ಸ ರಿ
ಗ ಪ ದ ಪ ಗ ರಿ

ದಿನಕ್ಕೆ ಎರಡೇ ಸಂಚಾರ. ಒಂದೊಂದನ್ನೂ ಗಮಕ (ಸ್ವರವನ್ನು ತೂಗಿ, ಜಾರಿಸಿ ಹಾಡುವ ಬಳುಕು) ಸಮೇತ ಹತ್ತು ಸಲ ನಿಧಾನವಾಗಿ, ಆಮೇಲೆ ಮಧ್ಯಮ ಕಾಲದಲ್ಲಿ, ಆಮೇಲೆ ಅಕ್ಷರದ ಎರಡನೆಯ ಮಾತ್ರೆಯಿಂದ (ಇಲ್ಲಿ ಅಕ್ಷರದ ಕಾಲು ಭಾಗವೇ ಒಂದು ಮಾತ್ರೆ) ಎತ್ತಿಕೊಂಡು. ಈ ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪೆಟ್ಟಿನ ಮೇಲೆಯೇ ಶುರುವಾಗುವಂತೆ ಮಾತ್ರ ಕಲಿತ ಸಂಚಾರ, ಪೆಟ್ಟು ತಪ್ಪಿದ ಜಾಗದಲ್ಲಿ ಬೇಕಾದಾಗ ಬಾಯಿಗೆ ಬರುವುದಿಲ್ಲ.

ಕೆಡುವುದು ಎಲ್ಲಿ: ಸಂಚಾರಗಳನ್ನು ಹಾರ್ಮೋನಿಯಂ ಕೀಲಿ ಒತ್ತಿದ ಹಾಗೆ ಚಪ್ಪಟೆಯಾಗಿ ಬಾಯಿಪಾಠ ಮಾಡಿದರೆ ಹಾಗೆಯೇ ಗಟ್ಟಿಯಾಗುತ್ತವೆ. ಮಿದುಳಿನ ತಳದಲ್ಲಿರುವ ಚಲನೆಯ ಗಂಟುಗಳೂ ಕಿರುಮಿದುಳೂ ಸರಿ ತಪ್ಪು ನೋಡುವುದಿಲ್ಲ, ಪದೇ ಪದೇ ಬಂದದ್ದನ್ನು ಉಳಿಸಿಕೊಳ್ಳುತ್ತವೆ. ಆಮೇಲೆ ಗಮಕ ಸೇರಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

2. ಆಯ್ಕೆ ಕಡಿಮೆ ಮಾಡಿಕೊಳ್ಳಿ

ಹೊಸಬರು ಇಡೀ ರಾಗವನ್ನು, ಎರಡು ಸ್ಥಾಯಿಯನ್ನು ಒಟ್ಟಿಗೆ ಹಿಡಿಯಲು ಹೋಗುತ್ತಾರೆ. ಲಿಂಬ್ ಅವರ ಪ್ರಯೋಗದ ಮೊದಲ ಭಾಗದಲ್ಲಿ ಆ ವೃತ್ತಿಪರರಿಗೂ ಕೊಟ್ಟದ್ದು ಒಂದೇ ಸ್ಥಾಯಿಯ ಮೇಜರ್ ಸ್ಕೇಲ್, ತಾಳದ ಎಣಿಕೆಗೊಂದರಂತೆ ಸ್ವರ. ಅಷ್ಟು ಬಿಗಿ ಬೇಲಿಯೊಳಗೂ ಮಿದುಳಿನ ಚಿತ್ರ ಜಾಝ್ ತುಣುಕು ನುಡಿಸುವಾಗಿನಂತೆಯೇ ಬದಲಾಯಿತು. ಕಲ್ಪನೆಗೆ ಬೇಲಿ ಅಡ್ಡಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೊದಲ ವಾರ ಗ, ಪ, ದ ಮೂರೇ ಸ್ವರ. ಅಕ್ಷರಕ್ಕೆ ಒಂದು. ಎಂಟು ಸ್ವರವಾದ ಮೇಲೆ ಪಲ್ಲವಿ ಎತ್ತಿಕೊಳ್ಳಿ. ಒಂದೇ ನಿಯಮ: ಎಂಟನೆಯದು ಪಲ್ಲವಿಯ ಮೊದಲ ಸ್ವರದ ನೆರೆಮನೆಯದ್ದಾಗಿರಲಿ. ಪಲ್ಲವಿ ಗಾಂಧಾರದಲ್ಲಿದ್ದರೆ ಪಂಚಮದಲ್ಲಿ ನಿಲ್ಲಿ. ಎರಡನೆಯ ವಾರ ರಿಷಭ ಸೇರಿಸಿ, ಅಕ್ಷರಕ್ಕೆ ಎರಡು. ಮೂರನೆಯ ವಾರ ಅಕ್ಷರಕ್ಕೆ ನಾಲ್ಕು, ಆದರೆ ಅರ್ಧ ಆವರ್ತ ಮಾತ್ರ. ಷಡ್ಜ ಕೊನೆಗೆ ಬರಲಿ, ಯಾಕೆಂದರೆ ದಿಕ್ಕು ತೋಚದಾಗ ಎಲ್ಲರೂ ಓಡಿಹೋಗಿ ನಿಲ್ಲುವುದು ಅಲ್ಲೇ.

ಮೋಹನಕ್ಕೆಂದೇ ಒಂದು ಎಚ್ಚರಿಕೆ. ಇದರ ಐದು ಸ್ವರಗಳ ಪೈಕಿ ಷಡ್ಜ ಬಿಟ್ಟು ಬೇರೆ ಯಾವುದನ್ನು ಆಧಾರ ಮಾಡಿಕೊಂಡರೂ ಇನ್ನೊಂದು ರಾಗ ಹುಟ್ಟುತ್ತದೆ. ರಿಷಭ ಹಿಡಿದರೆ ಮಧ್ಯಮಾವತಿ, ಗಾಂಧಾರ ಹಿಡಿದರೆ ಹಿಂದೋಳ, ಪಂಚಮ ಹಿಡಿದರೆ ಶುದ್ಧ ಸಾವೇರಿ. ಶ್ರುತಿಯಿಲ್ಲದೆ ಅಭ್ಯಾಸ ಮಾಡುತ್ತಾ ಗಾಂಧಾರದ ಮೇಲೆ ಬಹಳ ಹೊತ್ತು ನಿಂತರೆ ಕಿವಿ ಅದನ್ನೇ ಷಡ್ಜ ಎಂದು ಒಪ್ಪಿಕೊಂಡುಬಿಡುತ್ತದೆ, ನೀವು ಹಿಂದೋಳಕ್ಕೆ ಜಾರಿದ್ದು ನಿಮಗೇ ತಿಳಿಯುವುದಿಲ್ಲ. ತಂಬೂರಿ ನಿಲ್ಲಿಸಬೇಡಿ.

3. ಲೆಕ್ಕವನ್ನು ಮನೆಯಲ್ಲೇ ಮುಗಿಸಿ

ಸ್ವರ ಹಾಡುತ್ತಲೇ ಮುಕ್ತಾಯದ ಲೆಕ್ಕ ಹಾಕುವುದು ಕಾವಲಿನ ಮೇಲೆ ಬೀಳುವ ದೊಡ್ಡ ಹೊರೆ. ಆ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ, ಕೈಗೆ ಇಳಿಸಿಬಿಡಿ.

ಆದಿತಾಳದಲ್ಲಿ 8 ಅಕ್ಷರ (ನಾಲ್ಕರ ಒಂದು ಲಘು: ಒಂದು ಪೆಟ್ಟು, ಮೂರು ಬೆರಳೆಣಿಕೆ; ಎರಡೆರಡರ ಎರಡು ದೃತ: ಒಂದು ಪೆಟ್ಟು, ಒಂದು ಹುಸಿ, ಅಂದರೆ ಅಂಗೈ ತಿರುವುವುದು), ಅಕ್ಷರಕ್ಕೆ 4 ಮಾತ್ರೆಯಂತೆ 32. ಒಂದು ಸಂಚಾರವನ್ನು ಮೂರು ಸಲ ಹೇಳಿ ನಡುವೆ ಎರಡು ಕಡೆ ಕಾರ್ವೆ (ಸ್ವರವನ್ನು ಎಳೆಯುವ ಅಥವಾ ಸುಮ್ಮನಿರುವ ಮಾತ್ರೆಗಳು) ಬಿಡುವುದು ಅತ್ಯಂತ ಸರಳ ಮುಕ್ತಾಯ. ನಾಲ್ಕು ಸ್ವರದ ಸಂಚಾರ, ಎರಡು ಮಾತ್ರೆ ಕಾರ್ವೆ: 4+2+4+2+4 = 16, ಅಂದರೆ ಸರಿಯಾಗಿ ನಾಲ್ಕು ಅಕ್ಷರ. ಮೊದಲ ದೃತದ ಪೆಟ್ಟಿನಲ್ಲಿ, ಅಂದರೆ ಐದನೇ ಅಕ್ಷರದಲ್ಲಿ ಎತ್ತಿಕೊಂಡರೆ ಸಮಕ್ಕೆ ಬಂದು ಬೀಳುತ್ತದೆ:

5ನೇ ಅಕ್ಷರ (ಪೆಟ್ಟು): ದ ಪ ಗ ರಿ
6 (ಹುಸಿ): , , ದ ಪ
7 (ಪೆಟ್ಟು): ಗ ರಿ , ,
8 (ಹುಸಿ): ದ ಪ ಗ ರಿ
ಸಮ: ಗಾಂಧಾರದಲ್ಲಿ ಪಲ್ಲವಿ

ಎರಡನೆಯ ಸಲದ ಸಂಚಾರ ಆರನೆಯ ಅಕ್ಷರದ ನಟ್ಟನಡುವೆ ಶುರುವಾಗುವುದನ್ನು ಗಮನಿಸಿ. ಅಲ್ಲಿ ಅವಸರ ಮಾಡುವವರೇ ಹೆಚ್ಚು. ಕಾರ್ವೆಯ ಎರಡು ಮಾತ್ರೆಯನ್ನು ಒಂದೂವರೆ ಮಾಡಿಬಿಡುತ್ತಾರೆ, ಕೊನೆಗೆ ಸಮಕ್ಕೆ ಮುಂಚೆಯೇ ತಲುಪಿ ಕೈಯನ್ನು ಅಲ್ಲಾಡಿಸಿ ಹೊಂದಿಸುತ್ತಾರೆ. ‘ತ ಕ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಕಾರ್ವೆ ಕುಗ್ಗುವುದಿಲ್ಲ.

ಆರು ಸ್ವರ, ಮೂರು ಕಾರ್ವೆ ಆದರೆ 6+3+6+3+6 = 24; ಮೂರನೇ ಅಕ್ಷರದಲ್ಲಿ ಶುರು. ‘ಗ ಪ ದ ಪ ಗ ರಿ’ ಇದಕ್ಕೆ ಚೆನ್ನಾಗಿ ಕೂರುತ್ತದೆ. ಐದು ಸ್ವರ, ಎರಡು ಕಾರ್ವೆ ಆದರೆ 19. ಮೊದಲ 13 ಮಾತ್ರೆ ಬಿಟ್ಟು, ನಾಲ್ಕನೇ ಅಕ್ಷರದ ಎರಡನೇ ಮಾತ್ರೆಯಲ್ಲಿ ಎತ್ತಿಕೊಳ್ಳಬೇಕು. ಬೆಸ ಸಂಖ್ಯೆಯ ಸಂಚಾರವನ್ನು ಮೂರು ಸಲ ಹೇಳಿ, ಎರಡೂ ಕಡೆ ಒಂದೇ ಅಳತೆಯ ಕಾರ್ವೆ ಬಿಟ್ಟರೆ ಮೊತ್ತ ಯಾವಾಗಲೂ ಬೆಸವೇ. ಅದು ಪೆಟ್ಟಿನ ಮೇಲೆ ಶುರುವಾಗಿ ಸಮಕ್ಕೆ ಸೇರುವ ಮಾತೇ ಇಲ್ಲ. “ಎಷ್ಟು ಸಲ ಹಾಡಿದರೂ ಒಂದು ಮಾತ್ರೆ ಉಳಿಯುತ್ತದೆ” ಎಂದು ಬರೆಯುವವರ ತೊಂದರೆ ಇದೇ. ಪಲ್ಲವಿ ಅರ್ಧ ಎಡುಪ್ಪಿನದಾದರೆ, ಅಂದರೆ ಸಮದ ನಂತರ ಅರ್ಧ ಅಕ್ಷರ ಬಿಟ್ಟು ಶುರುವಾಗುವುದಾದರೆ, ಮೇಲಿನ ಎಲ್ಲ ಜಾಗಗಳನ್ನೂ ಎರಡು ಮಾತ್ರೆ ಮುಂದೂಡಿ.

ಲೆಕ್ಕ ಕೈಗೆ ಇಳಿದಿದೆಯೇ ಎಂದು ತಿಳಿಯುವುದು ಹೇಗೆ? ತಾಳ ಹಾಕುತ್ತಾ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿ: ಶನಿ, ಶುಕ್ರ, ಗುರು… ಅಥವಾ ಬೆಳಿಗ್ಗೆ ತಿಂಡಿಗೆ ಏನು ಮಾಡಿದ್ದರು ಎಂದು ಯಾರಾದರೂ ಕೇಳಲಿ. ಉತ್ತರ ಕೊಡುವಾಗ ಬೆರಳೆಣಿಕೆ ತಪ್ಪಿದರೆ ತಾಳ ಇನ್ನೂ ಕಾವಲಿನ ಮೇಜಿನ ಮೇಲೆಯೇ ಇದೆ. ಇನ್ನೊಂದು ವಾರ ಅದನ್ನೇ ಮಾಡಿ, ಮುಂದಕ್ಕೆ ಹೋಗಬೇಡಿ.

4. ಮೊದಲು ಒಳಗೆ ಕೇಳಿ, ಆಮೇಲೆ ಹಾಡಿ

2003ರಲ್ಲಿ ಜರ್ಮನಿಯ ಮಾರ್ಕ್ ಬಾಂಗರ್ಟ್ ಮತ್ತು ಎಕಾರ್ಟ್ ಆಲ್ಟನ್‌ಮುಲ್ಲರ್ ಪಿಯಾನೊ ಮುಟ್ಟಿಯೇ ಇರದವರಿಗೆ ತರಬೇತಿ ಕೊಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಬರೇ ಕೇಳುವಾಗ ಕೈಯ ಭಾಗವೂ, ಸದ್ದಿಲ್ಲದ ಕೀಲಿ ಒತ್ತುವಾಗ ಕಿವಿಯ ಭಾಗವೂ ಎಚ್ಚರಗೊಳ್ಳುವ ಮೊದಲ ಗುರುತುಗಳು ಇಪ್ಪತ್ತೇ ನಿಮಿಷದ ಅಭ್ಯಾಸದಲ್ಲಿ ಕಂಡವು. ಐದು ವಾರದಲ್ಲಿ ಅವು ಗಟ್ಟಿಯಾದವು. ಇನ್ನೊಂದು ಗುಂಪಿಗೆ ಯಾವ ಕೀಲಿಗೆ ಯಾವ ಸ್ವರ ಎಂಬುದನ್ನು ಕಲಸಿಬಿಟ್ಟಿದ್ದರು. ಅವರಲ್ಲಿ ಆ ಬೆಸುಗೆ ಹಾಗೆ ಕೂರಲಿಲ್ಲ.

ಈ ಬೆಸುಗೆಯನ್ನು ಬಳಸಿಕೊಳ್ಳುವ ಅಭ್ಯಾಸ ಹೀಗೆ. ಒಂದು ಆವರ್ತ ಹಾಡಿ. ಮುಂದಿನ ಆವರ್ತ ಬಾಯಿ ಮುಚ್ಚಿ, ತಾಳ ಮಾತ್ರ ಹಾಕುತ್ತಾ ಮನಸ್ಸಿನೊಳಗೆ ಸ್ವರ ಕಟ್ಟಿ. ಮೂರನೆಯ ಆವರ್ತದಲ್ಲಿ ಅದನ್ನೇ ಹಾಡಿ. ಒಳಗೆ ಕೇಳಿದ್ದು, ಹೊರಗೆ ಬಂದದ್ದು ಒಂದೇ ಆಗಿತ್ತೇ? ಶುರುವಿನಲ್ಲಿ ಮೊದಲ ಎರಡು ಅಕ್ಷರ ಮಾತ್ರ ಹೊಂದುತ್ತದೆ, ಸಾಕು.

ವಾದ್ಯದವರಿಗೆ ಈ ಹಂತ ಇನ್ನೂ ಮುಖ್ಯ. ವೀಣೆ, ಪಿಟೀಲಿನಲ್ಲಿ ಬೆರಳಿಗೆ ಹಿತವಾದ ದಾರಿಗಳು ಬಿದ್ದುಬಿಡುತ್ತವೆ, ಕಲ್ಪನೆ ಅವುಗಳ ಹಿಂದೆ ಕುರಿಯಂತೆ ನಡೆಯುತ್ತದೆ. ಹಾಡಿ, ಆಮೇಲೆ ನುಡಿಸಿ. ಹಾಡಲಾಗದ್ದನ್ನು ಈ ಹಂತದಲ್ಲಿ ನುಡಿಸಬೇಡಿ.

5. ಹಾಡುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆ

ಈಗ ಕಾವಲನ್ನು ಸ್ವಲ್ಪ ದೂರ ಕೂರಿಸಬಹುದು. ಮೂರು ನಿಮಿಷದ ಗಡಿಯಾರ ಇಡಿ, ಮುದ್ರಣ ಒತ್ತಿ, ನಿಲ್ಲಿಸದೆ ಸ್ವರ ಹಾಡಿ. ತಪ್ಪಿದರೂ ನಿಲ್ಲುವಂತಿಲ್ಲ, ‘ಛೆ’ ಅನ್ನುವಂತಿಲ್ಲ, ತಲೆ ಕೊಡವುವಂತಿಲ್ಲ. ಮೋಹನದಲ್ಲಿ ಇಲ್ಲದ ನಿಷಾದ ನುಸುಳಿದರೆ ಮುಂದಿನ ಸಂಚಾರದಲ್ಲಿ ಧೈವತದ ಮೇಲೆ ಗಟ್ಟಿಯಾಗಿ ನಿಂತು ರಾಗವನ್ನು ಮತ್ತೆ ಸ್ಥಾಪಿಸಿ ಮುಂದೆ ಹೋಗಿ. ತಪ್ಪನ್ನು ಅಲ್ಲೇ ತಿದ್ದಲು ನಿಂತರೆ ನೀವು ಅಭ್ಯಾಸ ಮಾಡುತ್ತಿರುವುದು ನಿಲ್ಲುವುದನ್ನು.

ಮುದ್ರಣವನ್ನು ಅಂದೇ ಕೇಳಬೇಡಿ. ಮರುದಿನ, ನೋಟ್‌ಬುಕ್ ಹಿಡಿದು, ಮೂರೇ ಕಲಂ: ರಾಗ ಎಲ್ಲಿ ಕದಲಿತು, ತಾಳ ಎಲ್ಲಿ ಓಡಿತು, ಯಾವ ಸಂಚಾರ ಎಷ್ಟು ಸಲ ಬಂತು. ‘ಚೆನ್ನಾಗಿತ್ತು’, ‘ಕೆಟ್ಟದಾಗಿತ್ತು’ ಎಂದು ಬರೆಯಬಾರದು. ಮೂರನೆಯ ಕಲಂ ನಿಮ್ಮನ್ನು ಬೆಚ್ಚಿಬೀಳಿಸುತ್ತದೆ: ಬಹುಪಾಲು ಮಂದಿಗೆ ಒಂದೇ ‘ಗ ಪ ದ ಪ’ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅದೇನೂ ಅಪರಾಧವಲ್ಲ, ಅದು ಉಗ್ರಾಣದ ಬಾಗಿಲಲ್ಲೇ ಇದೆ ಎಂದಷ್ಟೇ ಅರ್ಥ. ಮುಂದಿನ ಮೂರು ನಿಮಿಷದಲ್ಲಿ ಅದನ್ನು ನಿಷೇಧಿಸಿ ಹಾಡಿ. ನಾಲ್ಕನೆಯ ಸಲಕ್ಕೆ, ತಾನಾಗಿ ಬರದ ಸಂಚಾರಗಳು ಕೈಗೆ ಸಿಗತೊಡಗುತ್ತವೆ.

6. ಜೊತೆಗಾರರೊಡನೆ

2014ರಲ್ಲಿ ಲಿಂಬ್ ಅವರ ತಂಡ ಇಬ್ಬರು ಜಾಝ್ ವಾದಕರು ಸರದಿಗೆ ತಾಳದ ನಾಲ್ಕು ಸುತ್ತಿನಂತೆ ಸವಾಲು ಜವಾಬು ನುಡಿಸುವುದನ್ನು ಗಮನಿಸಿತು. ಮಾತಿನ ವಾಕ್ಯ ಕಟ್ಟುವ ಭಾಗ ಚುರುಕಾಯಿತು, ಮಾತಿನ ಅರ್ಥಕ್ಕೆ ಸಂಬಂಧಿಸಿದ ಒಂದು ಭಾಗ ಹಿಂದೆ ಸರಿಯಿತು. ನಮ್ಮಲ್ಲಿ ಪಿಟೀಲಿನೊಡನೆ ಅಳತೆ ಇಳಿಸುತ್ತಾ ಹೋಗುವ ಕುರೈಪ್ಪು ಇಂಥದ್ದೇ: ಅರ್ಥವಿಲ್ಲದ ಮಾತುಕತೆ, ಆದರೆ ವ್ಯಾಕರಣ ಪಕ್ಕಾ.

ಎರಡು ಆವರ್ತದಿಂದ ಶುರು ಮಾಡಿ. ಒಂದು, ಅರ್ಧ, ಕಾಲು ಎಂದು ಇಳಿಸಿ. ಎದುರಿನವರು ಬಿಟ್ಟ ಕೊನೆಯ ಸಂಚಾರವೇ ನಿಮ್ಮ ಮೊದಲ ಸಂಚಾರ ಆಗಬೇಕು. ಇದರಿಂದ ‘ಈಗ ಏನು ಹಾಡಲಿ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎದುರಿನವರು ನುಡಿಸುವಾಗ ನಿಮ್ಮ ಸರದಿಗೆ ತಯಾರಿ ಮಾಡಿಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಕೇಳದೆ ಇದ್ದದ್ದು ಸಭೆಗೂ ಗೊತ್ತಾಗುತ್ತದೆ. ಜೊತೆಗಾರರಿಲ್ಲದಿದ್ದರೆ ಒಂದು ಆವರ್ತ ಬಿಟ್ಟು ಒಂದು ಆವರ್ತ ಹಾಡಿ ಮುದ್ರಿಸಿಕೊಳ್ಳಿ, ಖಾಲಿ ಜಾಗಗಳನ್ನು ಮರುದಿನ ತುಂಬಿ.

7. ಬೆರೆಸಿ, ಮಲಗಿ

1979ರಲ್ಲಿ ಷಿಯಾ ಮತ್ತು ಮಾರ್ಗನ್ ಕೈಚಲನೆಯ ಮೂರು ಕೆಲಸಗಳನ್ನು ಒಂದು ಗುಂಪಿಗೆ ಒಂದಾದ ಮೇಲೊಂದು ಮುಗಿಸುತ್ತಾ, ಇನ್ನೊಂದು ಗುಂಪಿಗೆ ಕಲಸಿ ಕಲಿಸಿದರು. ಕಲಸಿ ಕಲಿತವರು ಅಭ್ಯಾಸದ ಹೊತ್ತಿಗೆ ಹಿಂದಿದ್ದರು. ಹತ್ತು ದಿನ ಬಿಟ್ಟು ನೋಡಿದಾಗ ಮುಂದಿದ್ದರು. ಮೋಹನ ಒಂದು ಮಟ್ಟಕ್ಕೆ ಬಂದ ಮೇಲೆ ಕಲ್ಯಾಣಿ, ಹಂಸಧ್ವನಿ ಸೇರಿಸಿ ಐದೈದು ನಿಮಿಷ ಅದಲುಬದಲು ಮಾಡಿ. ಅಂದಿನ ಅಭ್ಯಾಸ ಕೆಟ್ಟಂತೆ ಅನ್ನಿಸುತ್ತದೆ, ಅನ್ನಿಸಲಿ. ಆದರೆ ಕಲಸುವುದು ಸಂಚಾರಗಳು ಗಟ್ಟಿಯಾದ ಮೇಲೆ ಮಾತ್ರ.

ನಿದ್ದೆಯ ವಿಷಯ ಚಿಕ್ಕದು. 2002ರ ಒಂದು ಪ್ರಯೋಗದಲ್ಲಿ ಬೆರಳು ಬಡಿಯುವ ಕ್ರಮ ಕಲಿತವರು ಒಂದು ರಾತ್ರಿ ಮಲಗಿ ಎದ್ದಾಗ, ನಡುವೆ ಅಭ್ಯಾಸವೇ ಇಲ್ಲದೆ, ಸುಮಾರು 20 ಶೇಕಡಾ ವೇಗ ಪಡೆದಿದ್ದರು. ಅಷ್ಟೇ ಹೊತ್ತು ಎಚ್ಚರವಿದ್ದವರಿಗೆ ಆ ಲಾಭ ಸಿಗಲಿಲ್ಲ. ಕಛೇರಿಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಹೊಸ ಮುಕ್ತಾಯ ಕಟ್ಟುತ್ತಾ ಕೂರಬೇಡಿ.

8. ವೇದಿಕೆಯಲ್ಲಿ

ಅಲ್ಲಿ ಗಂಟಲಿನ ಮೇಲೆ ಗಮನ ಇಟ್ಟರೆ ಕಾವಲು ಮತ್ತೆ ಮೇಜಿಗೆ ಬಂದು ಕೂರುತ್ತದೆ. ತಾನಾಗಿ ನಡೆಯುತ್ತಿದ್ದ ಕೆಲಸದೊಳಗೆ ಕೈಹಾಕಿ ಕೆಡಿಸುತ್ತದೆ. ಮೃದಂಗದ ತೊಪ್ಪಿಯ, ಅಂದರೆ ಎಡಗಡೆಯ ನಾದಕ್ಕೆ ಕಿವಿ ಕೊಡಿ. ಗಮನಕ್ಕೆ ಒಂದು ಜಾಗ ಬೇಕು, ಅದು ನಿಮ್ಮ ಹೊರಗಿರಲಿ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಖಾಲಿಯಾಗುತ್ತದೆ. ಆಗ ಸ್ವರ ಹುಡುಕಬೇಡಿ. ಗಾಂಧಾರವನ್ನು ಎಳೆದು ನಿಲ್ಲಿ. ಮೋಹನದಲ್ಲಿ ಅದು ನಿಲ್ಲಲು ಸೊಗಸಾದ ಜಾಗ, ಕೇಳುವವರಿಗೆ ನೀವು ಬೇಕೆಂದೇ ನಿಂತಂತೆ ಕೇಳುತ್ತದೆ. ಕೈ ಲಘು ಮುಗಿಸಲಿ. ಮೊದಲ ದೃತದ ಪೆಟ್ಟು ಬಿದ್ದ ಕೂಡಲೇ ದ ಪ ಗ ರಿ, ಎರಡು ಮಾತ್ರೆ, ದ ಪ ಗ ರಿ, ಎರಡು ಮಾತ್ರೆ, ದ ಪ ಗ ರಿ, ಪಲ್ಲವಿ.